ಎಲ್ಲಿಯವರೆಂದು ಕೇಳಿದರೆ

ಮೊಲ್ಲೆಂ, ಗೋವಾ
ಮಂಗಳವಾರ, 15 ಫೆಬ್ರುವರಿ 2005

ಪ್ರೀತಿಯ ತಮ್ಮಾ ಬಾಳು,

ಅಕ್ಕ ಮಂಗಲಾಳ ಆಶೀರ್ವಾದ. ಹೇಗಿದ್ದೀ? ಬೆನ್ನು ನೋವು ಎಂದು ಬರೆದಿದ್ದಿ, ಈಗ ಹೇಗಿದೆ? ಕಾರ್ಖಾನೆಯಲ್ಲಿ ನಿನ್ನನ್ನು ಇನ್ನೂ ಎತ್ತುವ ಕೆಲಸಕ್ಕೇ ಹಾಕಿದ್ದಾರೋ, ಮಷೀನಿನ ಮೇಲೆ ನಿಲ್ಲಿಸಿದರೋ? ನಿನ್ನ ಹೆಂಡತಿಗೆ ಈಗ ಐದು ತಿಂಗಳು ತುಂಬಿರಬೇಕು. ಅವಳು ಏನು ಬೇಡುತ್ತಾಳೋ ತಂದುಕೊಡು, ಜಿಪುಣತನ ಮಾಡಬೇಡ. ಬಸುರಿಯ ಬಾಯಿ ಕಟ್ಟಿದವನಿಗೆ ಒಳ್ಳೆಯದಾಗುವುದಿಲ್ಲ. ಈ ಪತ್ರವನ್ನು ಕಾರ್ಖಾನೆಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಮನೆಗೆ ಫೋನ್ ಮಾಡಿದರೆ ಅವಳೇ ಎತ್ತುತ್ತಾಳೆ, ಎಲ್ಲಿಂದ ಎಂದು ಕೇಳುತ್ತಾಳೆ. ಲಕೋಟೆಯ ಹಿಂದೆ ನನ್ನ ಹೆಸರಾಗಲಿ ಊರಾಗಲಿ ಬರೆದಿಲ್ಲ, ಹೆದರಬೇಡ.

ಅವ್ವ ಆರಾಮಾಗಿದ್ದಾಳೆ ಎಂದು ಬರೆಯುವುದು ವಾಡಿಕೆ. ಆದರೆ ಆರಾಮಿಲ್ಲ. ಎಡಗಾಲಿನ ಹೆಬ್ಬೆರಳಿನ ಹತ್ತಿರ ಆದ ಗಾಯ ದೀಪಾವಳಿಯಿಂದ ಮಾಯ್ದಿಲ್ಲ, ಸಕ್ಕರೆ ಕಾಯಿಲೆಯವರಿಗೆ ಹಾಗೇ ಅಂತೆ. ಡಾಕ್ಟರು ನಡೆಯಲೇಬೇಡಿ ಎಂದರು. ಅವ್ವ ಅವರಿಗೆ ಕೈ ಮುಗಿದು, ಸವದತ್ತಿಗೆ ನಡೆದು ಹೋಗಿ ಬಂದ ಮೇಲೆ ನಡೆಯುವುದಿಲ್ಲ ಎಂದಳು. ಹರಕೆಯ ವಿಷಯ ನಿನಗೆ ಹೋದ ಪತ್ರದಲ್ಲೇ ತಿಳಿಸಿದ್ದೆ. ಕಳೆದ ಜೂನಿನಲ್ಲಿ ವಾಸ್ಕೋದ ನಮ್ಮ ಬಾಯ್ನಾ ದಂಡೆಯ ಮನೆಗಳಿಗೆ ಬುಲ್‌ಡೋಜರ್ ಬಂದಾಗ ನೀನು ಮದುವೆಯಾಗಿ ತಿಂಗಳು ಕಳೆದಿತ್ತು, ಧಾರವಾಡದಲ್ಲಿದ್ದಿ. ನಾನು ಅಕ್ಕಿ ಡಬ್ಬಿ, ಹಾಸಿಗೆ, ರೇಷನ್ ಕಾರ್ಡು ಎಂದು ಓಡಾಡುತ್ತಿದ್ದರೆ ಅವ್ವ ಮೊದಲು ಎತ್ತಿಕೊಂಡು ಬಂದದ್ದು ಯಲ್ಲಮ್ಮನ ಹಿತ್ತಾಳೆ ಮುಖವಿರುವ ಆ ಬಿದಿರಿನ ಬುಟ್ಟಿಯನ್ನು. ಮಳೆಯಲ್ಲಿ ದಂಡೆಯ ಮೇಲೆ ನಿಂತು, ಇದ್ದಷ್ಟು ಜೀವ ಉಳಿಸಿದರೆ ಭಾರತ ಹುಣ್ಣಿಮೆಗೆ ನಿನ್ನನ್ನು ತಲೆಯ ಮೇಲೆ ಹೊತ್ತು ಗುಡ್ಡಕ್ಕೆ ಬರುತ್ತೇನೆ ಎಂದು ಬೇಡಿಕೊಂಡಳು. ಜೀವ ಉಳಿದವು, ಮನೆ ಉಳಿಯಲಿಲ್ಲ. ಮನೆಯನ್ನೂ ಸೇರಿಸಿ ಬೇಡಬಾರದಿತ್ತೇ ಎಂದು ಆಮೇಲೆ ನಾನು ಅವ್ವನನ್ನು ಬೈದಿದ್ದೇನೆ.

ವಾಸ್ಕೋದಿಂದ ನಡೆಯುವ ತಂಡ ಭಾನುವಾರವೇ ಹೊರಟಿತು. ಅವ್ವನ ಕಾಲು ನೋಡಿ ತಂಡದ ಹಿರಿಯಳು ಹುಲಿಗೆಮ್ಮಕ್ಕ ಒಂದು ದಾರಿ ಹೇಳಿದಳು: ಅವ್ವ ಬಸ್ಸಿನಲ್ಲಿ ಘಾಟಿನ ಬುಡಕ್ಕೆ, ಈ ಮೊಲ್ಲೆಂಗೆ, ಬಂದಿರಲಿ, ಮಂಗಳವಾರ ಬೆಳಿಗ್ಗೆ ತಂಡ ಇಲ್ಲಿಗೆ ಮುಟ್ಟಿದಾಗ ಕೂಡಿಕೊಂಡು ಇಲ್ಲಿಂದ ನಡೆಯಲಿ. ಜೊತೆಗೆ ನಾನು. ನಮ್ಮ ಮನೆಯವರಿಗೆ ಫೋಂಡಾದ ಕಟ್ಟಡದಲ್ಲಿ ಸ್ಲ್ಯಾಬ್ ಹಾಕುವ ವಾರ, ರಜೆ ಸಿಗಲಿಲ್ಲ. ನಿನ್ನೆ ಮಧ್ಯಾಹ್ನ ಹೊರಟೆವು. ಅವ್ವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಲ್ಲವ್ವನಿಗೂ ಒಂದು ಟಿಕೀಟು ಕೊಡಪ್ಪಾ ಎಂದು ಕಂಡಕ್ಟರನನ್ನು ನಗಿಸಿದಳು. ನಿನ್ನೆ ಇಡೀ ದಿನದಲ್ಲಿ ನಕ್ಕದ್ದು ಅಷ್ಟೇ. ಮೊಲ್ಲೆಂನಲ್ಲಿ ಇಳಿದಾಗ ನನ್ನ ತಲೆಯಲ್ಲಿದ್ದದ್ದು ಒಂದೇ, ಕಡಿಮೆ ದರದಲ್ಲಿ ಒಂದು ರಾತ್ರಿ ಕಾಲು ಚಾಚಲು ಜಾಗ. ಅವ್ವನಿಗೆ ಆ ಗಾಯ ತೊಳೆಯಲು ಬಿಸಿನೀರು.

ಕೂಡುರಸ್ತೆಯಲ್ಲಿ ಊಟದ ಹೋಟೆಲಿನ ಮೇಲೆ ಒಂದು ಲಾಡ್ಜಿದೆ. ನಮ್ಮ ಮುಂದೆಯೇ ಪುಣೆಯ ಕಾಲೇಜು ಹುಡುಗ ಹುಡುಗಿಯರು ಎಂಟು ಹತ್ತು ಮಂದಿ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು ಬಂದರು. ಕಾಡಿನಲ್ಲಿ ನಾಲ್ಕು ದಿನ ನಡೆಯುತ್ತಾರಂತೆ, ಯಾವ ಹರಕೆಯೂ ಇಲ್ಲದೆ, ಸುಮ್ಮನೆ. ಮ್ಯಾನೇಜರು ಅವರಿಗೆ ಒಂದು ಮಾತೂ ಕೇಳದೆ ಕೀಲಿ ಕೊಟ್ಟ. ನಮ್ಮ ಸರದಿ ಬಂತು. ನಾನು ಪುಸ್ತಕದಲ್ಲಿ ಹೆಸರು ಬರೆದು ಊರು ಎಂಬಲ್ಲಿ ವಾಸ್ಕೋ ಎಂದು ಶುರು ಮಾಡಿದ್ದೆ. ಅವ್ವ ಹಿಂದಿನಿಂದ ಗಟ್ಟಿಯಾಗಿ, "ಬಾಯ್ನಾದವ್ರು ಅದೇವ್ರಿ" ಎಂದಳು. ಆ ಮನುಷ್ಯ ಬುಟ್ಟಿ ನೋಡಿದ, ನನ್ನ ಮುಖ ನೋಡಿದ, ಪುಸ್ತಕ ಎಳೆದುಕೊಂಡು ಮುಚ್ಚಿದ. "ಹಾಂಗಾ ತಸಲೆಂ ಚಲನಾ" ಎಂದ, ಇಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ ಎಂದು. ಬಾಯ್ನಾ ಎಂದರೆ ಜನರಿಗೆ ಮೀನು ನೆನಪಾಗುವುದಿಲ್ಲ, ಬಂದರಿನಲ್ಲಿ ಬೆನ್ನು ಮುರಿದುಕೊಂಡ ನಮ್ಮಪ್ಪನಂಥವರು ನೆನಪಾಗುವುದಿಲ್ಲ. ಆ ದಂಡೆಯ ಒಂದು ಸಾಲು ಖೋಲಿಗಳಲ್ಲಿ ಹೆಂಗಸರನ್ನಿಟ್ಟು ನಡೆಸುತ್ತಿದ್ದ ದಂಧೆಯೊಂದೇ ನೆನಪಾಗುತ್ತದೆ. ಇಬ್ಬರು ಹೆಂಗಸರು, ಜೊತೆಗೆ ಗಂಡಸಿಲ್ಲ, ತಲೆಯ ಮೇಲೆ ಯಲ್ಲಮ್ಮ, ಊರು ಬಾಯ್ನಾ. ಅವನಿಗೆ ಅಷ್ಟು ಸಾಕಾಯಿತು. ಮೇಲೆ ಖೋಲಿಗಳು ಬಾಗಿಲು ತೆರೆದುಕೊಂಡು ಖಾಲಿ ಬಿದ್ದಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಹೊರಗೆ ಬಂದು ನಾನು ಅವ್ವನ ಮೇಲೆ ಕೂಗಾಡಿದೆ. ಈಗ ನಾವಿರುವುದು ಮಂಗೋರಹಿಲ್‌ನ ಬಾಡಿಗೆ ಖೋಲಿಯಲ್ಲಿ, ವಾಸ್ಕೋ ಎಂದರೆ ಸುಳ್ಳೇನೂ ಅಲ್ಲ ಎಂದೆ. ಅವಳು ಕೇಳಲಿಲ್ಲ. "ಬಾಡಿಗಿ ಖೋಲಿ ಊರಾಗೂದಿಲ್ಲವಾ. ನಿಮ್ಮಪ್ಪ ಸತ್ತದ್ದು ಬಾಯ್ನಾದಾಗ, ನೀವಿಬ್ರೂ ಹುಟ್ಟಿದ್ದು ಬಾಯ್ನಾದಾಗ. ತಲಿ ಮ್ಯಾಲ ತಾಯಿನ್ನ ಹೊತ್ಕೊಂಡು ಬ್ಯಾರೆ ಹೆಂಗ ಹೇಳ್ಲಿ?" ಎಂದಳು. ನಿನಗೂ ಗೊತ್ತಲ್ಲ, ಬುಟ್ಟಿ ಎತ್ತಿ ಉಧೋ ಎಂದ ಮೇಲೆ ಗುಡ್ಡ ಮುಟ್ಟುವ ತನಕ ಹೊತ್ತವಳು ಸುಳ್ಳಾಡುವ ಹಾಗಿಲ್ಲ. ಕಾಲಲ್ಲಿ ಚಪ್ಪಲಿ ಇಲ್ಲದಿದ್ದರೂ ನಡೆದಾಳು, ಹೊಟ್ಟೆಗಿಲ್ಲದಿದ್ದರೂ ನಡೆದಾಳು, ಈ ನೇಮ ಮಾತ್ರ ಬಿಡಳು. ನಿನ್ನ ಮದುವೆಯಲ್ಲಿ ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಆದರೂ ನೀನು ವಾಸ್ಕೋ ಎನ್ನಬೇಕು ಎಂದು ಕಟ್ಟಪ್ಪಣೆ ಮಾಡಿದ್ದಕ್ಕೆ ಅವ್ವ ಎರಡು ದಿನ ಬಾಯೇ ತೆರೆಯಲಿಲ್ಲ. ನಿಮ್ಮ ತಾಯಿಯವರು ಭಾಳ ಸಮಾಧಾನದವರು ಎಂದು ನಿನ್ನ ಅತ್ತೆ ಹೊಗಳಿದ್ದಳು, ನೆನಪಿದೆಯೇ? ಅವ್ವನನ್ನು ಯಾರಾದರೂ ಸಮಾಧಾನದವಳು ಎಂದದ್ದು ಅದೇ ಮೊದಲು, ಅದೇ ಕೊನೆ.

ಆಮೇಲೆ ಚೆಕ್‌ಪೋಸ್ಟಿನ ಹತ್ತಿರ ಒಂದು ಮನೆ. ಹಿಂದಿನ ಖೋಲಿಯನ್ನು ಲಾರಿ ಡ್ರೈವರುಗಳಿಗೆ ಒಂದೊಂದು ರಾತ್ರಿಗೆ ಕೊಡುತ್ತಾರೆ. ಮನೆಯಾಕೆ ಬೆಳಗಾವಿ ಕಡೆಯವಳು, ನಮ್ಮ ಮಾತು ಕೇಳಿ ಮುಖ ಅರಳಿಸಿದಳು, ಅವ್ವನ ಕಾಲು ನೋಡಿ ಅಯ್ಯಯ್ಯ ಎಂದಳು, ನೀರು ಕಾಯಿಸಲು ಒಲೆಯ ಮೇಲಿಟ್ಟಳು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಆಕೆ ಎಲ್ಲಿಯವರು ಎಂದು ಕೇಳಿದಳು, ಅವ್ವ ಹೇಳಿದಳು. ನೀರು ಕುದಿಯುವ ತನಕ ಆ ಹೆಂಗಸು ಒಲೆಗೆ ಕಟ್ಟಿಗೆ ತಳ್ಳುತ್ತ ಕೂತಳು. ಆಮೇಲೆ, "ಸಿಟ್ಟಾಗಬ್ಯಾಡ್ರಿ, ಮನ್ಯಾಗ ಹರೇದ ಹುಡುಗ್ಯಾರ ಅದಾರ್ರಿ" ಎಂದಳು. ಬಿಸಿನೀರು ಕೊಟ್ಟಳು, ಅಂಗಳದಲ್ಲಿ ಕಾಲು ತೊಳೆದುಕೊಂಡು ಹೊರಟೆವು. ಕೊಂಕಣಿಯಲ್ಲಿ ಅನ್ನಿಸಿಕೊಂಡದ್ದಕ್ಕಿಂತ ನಮ್ಮ ಮಾತಿನಲ್ಲಿ ಅನ್ನಿಸಿಕೊಂಡದ್ದು ನನಗೆ ಹೆಚ್ಚು ಉರಿಯಿತು. ಅವ್ವ ಮಾತ್ರ, ಪಾಪ, ನೀರು ಕಾಸಿದಳಲ್ಲ ಎಂದಳು.

ಕಡೆಗೆ ಸಿಕ್ಕದ್ದು ಪಂಕ್ಚರ್ ಅಂಗಡಿ. ಹಳಿಯಾಳದ ಗೌಸಸಾಬ ಎಂಬ ಮುದುಕ, ಭಾರಿ ಸಿಡುಕ. ನಾವು ಕೇಳುವ ಮೊದಲೇ, ಪುಕ್ಕಟೆ ಅಲ್ಲ, ಇಪ್ಪತ್ತು ರೂಪಾಯಿ, ಕಡ್ಡಿ ಗೀರಬಾರದು ಎಂದ. ಎಲ್ಲಿಯವರು ಎಂದು ಕೇಳಲೇ ಇಲ್ಲ. ಅವ್ವನಿಗೆ ಅದು ನುಂಗಲಿಕ್ಕಾಗಲಿಲ್ಲ. ತಾನಾಗಿಯೇ ಹೇಳಿದಳು, ಅವನು ಟ್ಯೂಬು ನೀರಿನಲ್ಲಿ ಮುಳುಗಿಸುತ್ತಿದ್ದ, ಕೇಳಿಸಲಿಲ್ಲವೆಂದು ಮತ್ತೆ ಹೇಳಿದಳು. "ಅದಕ್ಕ ನಾ ಏನ್ ಮಾಡ್ಲೆವ್ವಾ? ಟೈರ್ ಆಕಡೆ ಸರಿಸಿ ಬಿದ್ಕೋರಿ" ಎಂದ. ತಗಡಿನ ಶೆಡ್ಡು, ರಬ್ಬರಿನ ನಾತ, ಮೈತುಂಬ ಮಸಿ. ಬೆಳಿಗ್ಗೆ ನೋಡಿದರೆ ಅವ್ವನ ಕಾಲು ಮೀನಖಂಡದವರೆಗೆ ಊದಿದೆ, ಗಾಯದ ಸುತ್ತ ಕಪ್ಪಾಗಿದೆ. ಈಗಲೇ ಬಸ್ಸು ಹತ್ತಿ ಹಿಂದೆ ಹೋಗೋಣ ಎಂದು ಕಾಲು ಹಿಡಿದು ಕೇಳಿದೆ. ಧಾರವಾಡ ಮುಟ್ಟಿದರೆ ಮಗನ ಮನೆಯಲ್ಲಿ ಒಂದು ರಾತ್ರಿ ಮಲಗುತ್ತೇನಲ್ಲ, ಆಮೇಲೆ ಗುಡ್ಡ ಹತ್ತಿರ ಎಂದಳು.

ಇನ್ನು ಮುಚ್ಚಿಟ್ಟು ಫಲವಿಲ್ಲ. ಭಾನುವಾರ ಸಂಜೆ ಧಾರವಾಡ ಮುಟ್ಟುತ್ತೇವೆ. ತಂಡದ ಹನ್ನೊಂದು ಜನರಿಗೂ ಅವ್ವ ನಿನ್ನ ಮನೆಯ ಊಟದ ಆಸೆ ಹುಟ್ಟಿಸಿದ್ದಾಳೆ. ಸೊಸೆಗೆಂದು ಹಸಿರು ಬಳೆ ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ. ನೀನು ಜನವರಿಯಲ್ಲಿ ಏನು ಬರೆದಿದ್ದೆ ಎಂಬುದು ಅವಳಿಗೆ ಗೊತ್ತಿಲ್ಲ. ಬರುವುದಾದರೆ ಇಬ್ಬರೇ ಬನ್ನಿ, ಬುಟ್ಟಿ ಹೊರಗೆ ಯಾರ ಮನೆಯಲ್ಲಾದರೂ ಇಟ್ಟು ಬನ್ನಿ, ಬಾಯ್ನಾ ಎಂಬ ಮಾತು ಬಾಯಿಂದ ಬರಬಾರದು ಎಂದು ಬರೆದಿದ್ದೆಯಲ್ಲ, ಆ ಸಾಲುಗಳನ್ನು ನಾನು ಓದಿ ಹೇಳಲಿಲ್ಲ. ಅವ್ವ ನಿರಕ್ಷರಿ ಎಂದು ಹಾರಿಸಿಬಿಟ್ಟೆ. ಅವ್ವನನ್ನು ಚೆನ್ನಾಗಿ ನೋಡಿಕೋ ಎಂದು ಬರೆದಿದ್ದಾನೆ ಎಂದೆ. ತಪ್ಪು ನನ್ನದೇ. ಓದಿದ್ದರೆ ಈ ಕಾಲಿನಲ್ಲಿ ಅವಳು ಹೊರಡುತ್ತಲೇ ಇರಲಿಲ್ಲವೋ ಏನೋ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಹೇಗೆ ಬಾಳು? ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳು. ಆದರೆ ನಿನ್ನೆ ಎರಡು ಬಾಗಿಲು ಮುಚ್ಚಿಸಿಕೊಂಡ ಮೇಲೆ ನೀನು ಏಕೆ ಹೆದರಿದೆ ಎಂಬುದೂ ತಿಳಿಯಿತು. ನಿನಗೆ ಬೇರೆ ಎರಡು ಕಡೆ ನೋಡಿದ ಹೆಣ್ಣು ಊರಿನ ಹೆಸರು ಕೇಳಿ ತಪ್ಪಿದ್ದು ನಾನು ಮರೆತಿಲ್ಲ. ಹೆಂಡತಿಯ ಹತ್ತಿರ ಕೂತು ಒಮ್ಮೆ ಹೇಳಿನೋಡು. ಅವಳೂ ತಾಯಿಯಾಗುವವಳು. ಯೋಚನೆ ಮಾಡು, ನಾನು ಒತ್ತಾಯ ಮಾಡುವುದಿಲ್ಲ.

ಹೊಟ್ಟೆಯಲ್ಲಿರುವ ಕೂಸು ಕೈಕಾಲು ಗಟ್ಟಿಯಾಗಿ ಹುಟ್ಟಲಿ, ನಿನಗೆ ಬೆನ್ನು ಬಗ್ಗಿಸದ ಕೆಲಸ ಸಿಗಲಿ. ಅವ್ವ ನಿಮ್ಮಿಬ್ಬರಿಗೂ ಭಂಡಾರ ಹಚ್ಚಿ ಹರಸಿದ್ದಾಳೆ ಎಂದು ತಿಳಿ.

ನಿನ್ನ ಅಕ್ಕ,
ಮಂಗಲಾ

ತಾ.ಕ.: ತಂಡ ಬಂತು. ಎಲ್ಲರೂ ಚಹಾ ಕುಡಿಯುತ್ತಿದ್ದಾರೆ, ಎರಡೇ ಮಾತು. ಯೋಚನೆ ಮಾಡು ಎಂದು ಬರೆದೆನಲ್ಲ, ಅದನ್ನು ಬಿಡು. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನೀನು ಏನು ಮಾಡುತ್ತೀ ಎಂದು ನನಗೆ ಗೊತ್ತು. ಈಗಷ್ಟೇ ಅವ್ವ ಗೌಸಸಾಬನಿಗೆ, "ಧಾರವಾಡದಾಗ ನನ್ನ ಮಗ ಅದಾನ, ಅಲ್ಲಿ ನಮ್ಮನ್ನ ಎಲ್ಲಿಯವ್ರು ಅಂತ ಯಾರೂ ಕೇಳಂಗಿಲ್ಲ" ಎಂದು ಹೇಳಿ ಬುಟ್ಟಿ ಎತ್ತಿದಳು. ಅದಕ್ಕೇ ಕೇಳುತ್ತಿದ್ದೇನೆ. ಭಾನುವಾರ ಮಧ್ಯಾಹ್ನವೇ ಹೆಂಡತಿಯನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿಬಿಡು. ಮನೆಗೆ ಬೀಗ ಹಾಕು. ಅರ್ಜೆಂಟಾಗಿ ಊರಿಗೆ ಹೋಗಿದ್ದಾರೆ ಎಂದು ಅವ್ವನಿಗೆ ನಾನು ಹೇಳುತ್ತೇನೆ, ನನ್ನ ತಲೆಯ ಮೇಲೆ ಬುಟ್ಟಿಯಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತೇವೆ. ಆದರೆ ಬೀಗ ಹೊರಗಿನಿಂದಲೇ ಹಾಕು, ಬಾಳು. ಒಳಗೆ ಕೂತು ಚಿಲಕ ಹಾಕಬೇಡ. ಅದು ಅವ್ವನಿಗೆ ತಿಳಿಯುತ್ತದೆ.