ಮುದುಕಿಯ ದವಡೆಹಲ್ಲು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಎಷ್ಟು ದಿನವಾಯಿತೋ, ಉತ್ತರ ಬರೆಯದೆ ಕುಳಿತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈ. ಫೋನ್ ಮಾಡೋಣವೆಂದರೆ ನನ್ನ ದನಿ ಕೇಳಿದೊಡನೆ ಏನಾಯ್ತೇ ಅನ್ನುತ್ತೀಯ; ಅದಕ್ಕೇ ಕಾಗದ. ಭಾವನ ಮಂಡಿನೋವು ಹೇಗಿದೆ? ಮಕ್ಕಳ ಪರೀಕ್ಷೆ ಮುಗಿಯಿತೇ?

ನಮ್ಮ ಗುಂಡಮ್ಮನಿಗೆ ಎಂಟು ತಿಂಗಳು ತುಂಬಿತು. ಕೆಳಗೆ ಎರಡು ಹಲ್ಲು ಬಂದಿವೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ಆದರೆ ನನ್ನ ಹಾಲೊಂದು ಬಿಟ್ಟು ಬೇರೇನನ್ನೂ ನುಂಗುವುದಿಲ್ಲ. ಇವರು ಬಟ್ಟಲು, ಚಮಚ ಹಿಡಿದು ಅವಳ ಹಿಂದೆ ತಾವೂ ಅಂಬೆಗಾಲಿಡುತ್ತಾರೆ. ಉಣಿಸಿದ್ದೆಲ್ಲ ಇವರ ಅಂಗಿಯ ಮೇಲೆ.

ನಾನು ಕೆಲಸಕ್ಕೆ ಮರಳಿದ್ದೇನೆ. ನಮ್ಮ ಲ್ಯಾಬನ್ನು ನೀನು ಹಳೇ ಎಲುಬಿನ ಆಸ್ಪತ್ರೆ ಅನ್ನುತ್ತಿದ್ದೆಯಲ್ಲ, ಈ ಸಲ ಒಂದು ಹಲ್ಲು ಬಂದಿದೆ. ಸಾವಿರಾರು ವರ್ಷದ ಹಿಂದಿನ ರೈತರ ಊರೊಂದನ್ನು ಅಗೆದಾಗ ಸಿಕ್ಕ ಮುದುಕಿಯ ದವಡೆಹಲ್ಲು. ಈ ಹಲ್ಲು ಮಗು ಹುಟ್ಟಿದಂದಿನಿಂದಲೇ ದವಡೆಯೊಳಗೆ ಬೆಳೆಯುತ್ತದೆ. ಆಗ ಮಗು ಉಂಡದ್ದರ ಗುರುತು ಪದರ ಪದರವಾಗಿ ಅದರಲ್ಲಿ ಉಳಿಯುತ್ತದೆ. ಆಸಿಡ್‌ನಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೆಳ್ಳಗೆ ಹೆಚ್ಚಿ, ಒಂದೊಂದು ಚೂರನ್ನೂ ಯಂತ್ರಕ್ಕೆ ಕೊಡುತ್ತೇವೆ. ಸಾರಜನಕದಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಐಸೊಟೋಪ್ ಎಂದರೆ ಇವೇ. ಭಾರದ್ದು ಹೆಚ್ಚಿದ್ದರೆ ಮಗು ಎದೆಹಾಲು ಕುಡಿಯುತ್ತಿತ್ತೆಂದು ಅರ್ಥ. ಹಾಲು ಬಿಡಿಸುತ್ತಾ ಹೋದಂತೆ ಅದು ಮೆಲ್ಲಗೆ ಇಳಿಯುತ್ತದೆ. ಇಂಗಾಲ ನೋಡಿದರೆ ಉಂಡದ್ದು ಗೋಧಿಯೋ ನವಣೆಯೋ ತಿಳಿಯುತ್ತದೆ.

ಈ ಮುದುಕಿಯದು ಮೆಲ್ಲಗೆ ಇಳಿದಿಲ್ಲ. ವರ್ಷ ತುಂಬುವ ಮುಂಚೆಯೇ ಧೊಪ್ಪನೆ ಬಿದ್ದಿದೆ. ಅಲ್ಲಿಂದಾಚೆಗೆ ನವಣೆ. ಆ ಊರಿನ ಉಳಿದ ಮಕ್ಕಳೆಲ್ಲ ಎರಡು ಮೂರು ವರ್ಷ ಹಾಲು ಕುಡಿದಿದ್ದಾರೆ. ಯಂತ್ರವೇ ಕೆಟ್ಟಿದೆಯೇನೋ ಎಂದು ಉಳಿದ ಚೂರುಗಳನ್ನು ಮತ್ತೆ ಅಳೆದೆ. ಅದೇ ಬಂತು. ಊಟಕ್ಕೂ ಏಳಲಿಲ್ಲ. ನಮ್ಮ ಮುಖ್ಯಸ್ಥೆ ಬಂದು, ಯಂತ್ರ ಸರಿಯಾಗೇ ಇದೆ, ಸರಿಯಿಲ್ಲದಿರುವುದು ನೀನು, ಮನೆಗೆ ಹೋಗು ಎಂದು ಗದರಿದರು.

ಹೋಗಲಿಲ್ಲ. ಆ ಊರನ್ನು ಅಗೆಸಿದ ಮೇಷ್ಟ್ರು ಬಂದಿದ್ದರು, ಅವರನ್ನು ಕೇಳಿದೆ. ತಾಯಿ ಸತ್ತಿರಬಹುದು, ಕಾಯಿಲೆ ಬಿದ್ದಿರಬಹುದು, ಹಲ್ಲು ಅಷ್ಟೆಲ್ಲ ಹೇಳುವುದಿಲ್ಲ ಎಂದರು.

“ಆಮೇಲೆ ಅವಳನ್ನ ಯಾರು ಸಾಕಿದ್ರು ಸರ್?”

“ಯಾರೋ ಸಾಕಿದಾರಮ್ಮ. ಹಲ್ಲು ಎಷ್ಟು ಸವೆದಿದೆ ನೋಡಿ. ಮುದುಕಿ ಆಗೋವರೆಗೂ ಬದುಕಿದಾಳೆ.”

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ, ಅಕ್ಕ. ಯಾರಿಗೂ ಕೇಳಿಸಲಿಲ್ಲ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳು ನೂರ್ಕಾಲ ಚೆನ್ನಾಗಿರಲಿ. ನಿನ್ನ ಆಶೀರ್ವಾದದಲ್ಲಿ ಈ ಸಲ ನನಗೆ ಒಂದು ಪಾಲು ಹೆಚ್ಚಿಗೆ ಇರಲಿ.

ನಿನ್ನ,
ತಂಗಿ

ತಾ.ಕ.: ಇಷ್ಟುದ್ದ ಬರೆದರೂ ಹೇಳಬೇಕಾದ್ದನ್ನು ಹೇಳಲಿಲ್ಲ. ನನ್ನ ಎದೆಯಲ್ಲಿ ಕಂಡ ಗಂಟು ಹಾಲು ಕಟ್ಟಿದ್ದಲ್ಲವಂತೆ. ಬೇಗ ಗೊತ್ತಾಗಿದೆ, ವಾಸಿಯಾಗುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದ್ದಾರೆ. ಆದರೆ ಮುಂದಿನ ವಾರ ಔಷಧಿ ಶುರುವಾಗುವ ಮೊದಲು ಮಗುವಿಗೆ ಹಾಲು ಪೂರ್ತಿ ಬಿಡಿಸಬೇಕಂತೆ. ರಜೆ ಹಾಕಿ ಬಂದುಬಿಡು. ನಾನಿರುವಾಗಲೇ ಅವಳಿಗೆ ನಿನ್ನ ಕೈ ರೂಢಿಯಾಗಲಿ. ಬಂದವಳು ಅವಳೆದುರು ಮಾತ್ರ ಅಳಬೇಡ. ಉಣಿಸುವವರ ಕಣ್ಣಲ್ಲಿ ನೀರು ಕಂಡರೆ ಅವಳು ಬಾಯಿ ತೆರೆಯುವುದಿಲ್ಲ.