ಬೀಳುವ ಪಾತ್ರ

ಸೆಪ್ಟೆಂಬರ್ 9, ಮಂಗಳವಾರ. ಬೆಳಿಗ್ಗೆ 6.20

ನೀರು ಇನ್ನೂ ಬಿಟ್ಟಿಲ್ಲ. ನಾಲ್ಕು ಕೊಡ ಸಾಲಿನಲ್ಲಿಟ್ಟು ಮೆಟ್ಟಿಲ ಮೇಲೆ ಕೂತಿದ್ದೇನೆ. ನಿನ್ನೆ ಅತ್ತಿಬೆಲೆಯಲ್ಲಿ ಸೇಫ್ಟಿ ನಾಟಕದ ಎರಡು ಶೋ. ಎರಡು ಸಲ ಬಿದ್ದೆ. ಬೆನ್ನು ಹಿಡಿದಿದೆ.

ಕಟ್ಟಡಕ್ಕೆ ಕಟ್ಟುವಂಥ ಎಂಟಡಿ ಎತ್ತರದ ಸಾರುವೆ. ಕೆಳಗೆ ಬಲೆ. ಎರಡು ಮೂಲೆ ತಂಡ ನಡೆಸುವ ಶಶಿ ಸರ್, ಹಲಗೆ ಬಡಿಯುವ ಸಂಗಣ್ಣ ಹಿಡಿಯುತ್ತಾರೆ. ಇನ್ನೆರಡು ಮೂಲೆಗೆ ನೋಡುತ್ತ ನಿಂತ ಕೂಲಿಯವರನ್ನೇ ಕರೆಯುತ್ತೇವೆ. ಬೆಲ್ಟ್ ಕಟ್ಟಿಕೊಳ್ಳದ ಹೆಂಗಸು ಮೇಲಿಂದ ಬೀಳುತ್ತಾಳೆ, ಜನ ಅಯ್ಯೋ ಅನ್ನುತ್ತಾರೆ, ಆಗ ಮರೆವ್ವನ ಹಾಡು. ಮೂರು ವರ್ಷದಿಂದ ಬೀಳುತ್ತಿದ್ದೇನೆ. ಊಟ ಮಾಡಿದಷ್ಟೇ ಸಹಜವಾಗಿತ್ತು.

ಮುಟ್ಟಿನ ದಿನ ದಾಟಿ ಒಂಬತ್ತು ದಿನವಾಗಿದೆ. ಹಣಮಂತನಿಗೆ ಹೇಳಿಲ್ಲ. (ಗಂಡನ ಹೆಸರು ಬರೆದರೆ ಅವ್ವ ಬೈಯುತ್ತಿದ್ದಳು. ಇಲ್ಲಿ ನೋಡುವವರು ಯಾರು?)

ನೀರು ಬಂತು.

ಸೆಪ್ಟೆಂಬರ್ 12, ಶುಕ್ರವಾರ

ಒಪ್ಪಂದದ ಕಾಗದ ಕೈಗೆ ಬಂತು. ಸಂಬಳ ಆಗಸ್ಟಿನಿಂದಲೇ ಬರುತ್ತಿದೆ, ಓದಿದ್ದು ಇವತ್ತು.

ಈ ವರ್ಷ ಆರ್ಡರ್ ಇಲ್ಲ ಅಂತ ಪೀಣ್ಯದ ಫ್ಯಾಕ್ಟರಿಗಳು ಮೊದಲು ಕೈಬಿಟ್ಟದ್ದು ನಮ್ಮನ್ನೇ. ಮಷಿನ್ನೇ ನಿಂತಿರುವಾಗ ಸೇಫ್ಟಿ ನಾಟಕ ಯಾಕೆ ಬೇಕು? ಜೂನ್, ಜುಲೈ ಒಂದೂ ಶೋ ಇಲ್ಲ. ಮರೆವ್ವ ಮನೆಗೆಲಸಕ್ಕೆ ಹೋದಳು, ಸಂಗಣ್ಣ ಹಮಾಲಿಗೆ. ಆಮೇಲೆ ಶಶಿ ಸರ್ ಎಲ್ಲೆಲ್ಲೋ ಓಡಾಡಿ ಒಂದು ಪ್ರತಿಷ್ಠಾನದ ಅನುದಾನ ತಂದರು. ಕುಸಿತದ ಕಾಲದಲ್ಲಿ ಕಲಾವಿದರ ಕೆಲಸ ಉಳಿಸುವುದಕ್ಕೆ ಅಂತಲೇ ಇರುವ ದುಡ್ಡು. ಒಂಬತ್ತು ತಿಂಗಳು ನಾಲ್ಕು ಜನಕ್ಕೂ ಸಂಬಳ. ನಾವು ಕಟ್ಟಡದ ಕೂಲಿಯವರಿಗೆ ಪುಕ್ಕಟೆ ನಾಟಕ ಆಡಬೇಕು.

ಕಾಗದದಲ್ಲಿ ನಾಲ್ವರ ಹೆಸರು, ಫೋಟೊ, ಪಾತ್ರ. ನನ್ನದರ ಮುಂದೆ 'ಸಾಹಸ ಕಲಾವಿದೆ' ಅಂತಿದೆ. ಎಲ್ಲರೂ ನಕ್ಕರು. ಏಳನೇ ಷರತ್ತಿಗೆ ನಗಲಿಲ್ಲ. ನಾಲ್ವರಲ್ಲಿ ಒಬ್ಬರು ಬಿಟ್ಟರೂ ಉಳಿದ ಕಂತು ನಿಲ್ಲುತ್ತದೆ.

ಶಶಿ ಸರ್ ಹೇಳಿದರು, “ಯಾರೂ ಕೈ ಕೊಡ್ಬೇಡ್ರಪ್ಪ. ಏಪ್ರಿಲ್‌ವರ್ಗೂ ಸಾಯೋಕೂ ಪರ್ಮಿಷನ್ ಇಲ್ಲ.”

ಸೆಪ್ಟೆಂಬರ್ 13. ಬೆಳಿಗ್ಗೆ

ಎರಡು ಗೆರೆ.

ಸೆಪ್ಟೆಂಬರ್ 14

ಹೋದ ವರ್ಷವೂ ಎರಡು ಗೆರೆ ಬಂದಿತ್ತು. ಮೂರನೇ ತಿಂಗಳಲ್ಲಿ ಹೋಯಿತು. ಬಿದ್ದದ್ದರಿಂದ ಅಲ್ಲಮ್ಮ, ಸುಮ್ಮನೆ ಹೀಗೂ ಆಗುತ್ತದೆ ಅಂದಿದ್ದರು ಡಾಕ್ಟರು. ನಂಬಿದಂತೆ ತಲೆ ಆಡಿಸಿದ್ದೆ. ಹಣಮಂತ ಮಾತ್ರ ಆ ಮಾತನ್ನು ಪೂರ್ತಿ ನಂಬಿದಂತಿದ್ದ. ನನ್ನ ಮುಂದೆ ಒಂದು ಸಲವೂ ಆ ಸುದ್ದಿ ಎತ್ತಿಲ್ಲ.

ಹೇಳಿದರೆ ಕೆಲಸ ಬಿಡು ಅನ್ನುತ್ತಾನೆ. ಬಿಟ್ಟರೆ ನಾಲ್ಕು ಮನೆಯ ಸಂಬಳ ನಿಲ್ಲುತ್ತದೆ.

ಸೆಪ್ಟೆಂಬರ್ 18, ಗುರುವಾರ. ಬಸ್ಸಿನಲ್ಲಿ

ಇವತ್ತಿನ ಬಲೆ ಸಡಿಲ ಇತ್ತು. ಒಂದು ಮೂಲೆ ಹಿಡಿದವನು ಇನ್ನೊಂದು ಕೈಯಲ್ಲಿ ವಿಡಿಯೊ ಮಾಡುತ್ತಿದ್ದ. ಮೇಲಿಂದ ನೋಡಿದೆ. ಕೂಗಬೇಕು ಅನ್ನುವಷ್ಟರಲ್ಲಿ ಕ್ಯೂ ಬಂತು. ಬಿದ್ದೆ. ಬಲೆ ಜಗ್ಗಿ ಸೊಂಟ ನೆಲಕ್ಕೆ ತಾಗಿತು. ಸ್ವಲ್ಪವೇ. ಜನ ಶಿಳ್ಳೆ ಹೊಡೆದರು.

ಆಮೇಲೆ ಶೌಚಕ್ಕೆ ಹೋಗಿ ನೋಡಿಕೊಂಡೆ. ಏನೂ ಇಲ್ಲ. ಐದು ನಿಮಿಷ ಬಿಟ್ಟು ಮತ್ತೆ ನೋಡಿಕೊಂಡೆ.

ಹೊರಗೆ ಮರೆವ್ವ ನಿಂತಿದ್ದಳು. “ಎಷ್ಟ್ ದಿನಾತು?” ಅಂದಳು. ಏನು ಅಂತ ಕೇಳಿದೆ. “ಆರು ಹಡದಾಕಿ ನಾ. ನನಗ ಗೊತ್ತಾಗಂಗಿಲ್ಲನು?”

ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. “ಹೇಳಬ್ಯಾಡ ಅನ್ನಂಗಿಲ್ಲ ನಾ, ದಾನವ್ವ. ಹೇಳು ಅಂತ ಅನ್ನಾಕೂ ನನಗ ಬಾಯಿ ಬರವಲ್ದು,” ಅಂದಳು. ಅವಳ ಕಿರಿ ಮಗಳ ಕಾಲೇಜಿನ ಫೀಸು ಈ ಸಂಬಳದಲ್ಲೇ ನಡೆಯುತ್ತಿದೆ.

ಸೆಪ್ಟೆಂಬರ್ 24

ಸರ್ಕಾರಿ ಆಸ್ಪತ್ರೆ. ಕಾರ್ಡು ಬರೆಯುವ ಸಿಸ್ಟರ್ ತಲೆ ಎತ್ತದೆ ಕೇಳಿದರು.

“ಏನ್ ಕೆಲ್ಸಮ್ಮ?”

“ನಾಟಕ, ಮೇಡಂ.”

“ಭಾರ ಎತ್ತೋದು ಏನಾದ್ರೂ?”

“ಎತ್ತೋದಿಲ್ರಿ. ಬೀಳೋದು.”

ಪೆನ್ನು ಕೆಳಗಿಟ್ಟರು. “ಬೀಳೋದು ಅಂದ್ರೆ?”

ಹೇಳಿದೆ. ಹೋದ ವರ್ಷದ್ದನ್ನೂ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ಕೈ ಹಿಡಿದು, “ಇವತ್ತಿಂದ ಬೇಡ ಕಣಮ್ಮ. ಒಂದ್ ಸಲ ಕಳ್ಕೊಂಡಿದೀಯ,” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಶೋ ಇದೆ.

ಅಕ್ಟೋಬರ್ 1. ಆಯುಧಪೂಜೆ

ಹಣಮಂತ ದುಡಿಯುವ ಯೂನಿಟ್ಟಿನಲ್ಲಿ ಹನ್ನೊಂದು ಮಷಿನ್ನಿಗೆ ಹೂವು ಹಾಕಿದ್ದರಂತೆ, ಓಡುತ್ತಿರುವುದು ನಾಲ್ಕು. ಪೂಜೆ ಮುಗಿದು ಸಿಹಿ ಹಂಚಿದ ಮೇಲೆ ಮಾಲೀಕರು ಇವನೂ ಸೇರಿ ಆರು ಜನರನ್ನು ಪಕ್ಕಕ್ಕೆ ಕರೆದರು. ಮುಂದಿನ ವಾರದಿಂದ ಬರುವುದು ಬೇಡ, ಕೆಲಸ ಇದ್ದಾಗ ಫೋನ್ ಮಾಡುತ್ತೇವೆ.

ಸಿಹಿಯ ಪೊಟ್ಟಣ ಬಿಚ್ಚದೆ ನನ್ನ ಮುಂದೆ ಇಟ್ಟ. “ನಿನ್ನ ಕೆಲಸ ಒಂದರ ಐತಲ್ಲ, ದಾನಿ. ದೊಡ್ಡ ಧೈರ್ಯ ನನಗ,” ಅಂದ.

ಇವತ್ತು ಹೇಳಬೇಕು ಅಂದುಕೊಂಡಿದ್ದೆ.

ಅಕ್ಟೋಬರ್ 11

ಹತ್ತು ದಿನ ಬರೆಯಲಿಲ್ಲ. ಬರೆಯುವುದು ಇದ್ದದ್ದು ಒಂದೇ. ಮೂರು ಸಲ ಬಿದ್ದೆ. ಪ್ರತಿ ಸಲವೂ ಹೊಟ್ಟೆ ಹಿಡಿದು ಬೀಳುತ್ತಿದ್ದೇನೆ. ಶಶಿ ಸರ್ ಗಮನಿಸಿ, “ಕೈ ಚಾಚಿ ಬೀಳಮ್ಮ, ಚಾಚಿದ್ರೇನೇ ಚೆಂದ,” ಅಂದರು.

ಮಂಗಳವಾರ ಪ್ರತಿಷ್ಠಾನದ ಶೋಭಾರಾಣಿ ಮೇಡಂ ನೋಡಲು ಬರುತ್ತಾರೆ. ಆಯ್ಕೆಯ ದಿನ ನನ್ನ ಬೀಳುವಿಕೆಯೇ ಹೈಲೈಟ್ ಅಂದವರು ಅವರು.

ಅಕ್ಟೋಬರ್ 14, ಮಂಗಳವಾರ. ಸಂಜೆ

ಪಟ್ಟಂದೂರು ಅಗ್ರಹಾರ. ಐಟಿ ಪಾರ್ಕಿನ ಗೋಡೆಯ ಪಕ್ಕ ಹೊಸ ಕಟ್ಟಡ. ಇನ್ನೂರು ಜನ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮೇಡಂ ಮುಂದೆ, ಕುರ್ಚಿಯಲ್ಲಿ.

ಏಣಿ ಹತ್ತಿದೆ. ಸಾರುವೆಯ ತುದಿಗೆ ಬಂದೆ. ಸಂಗಣ್ಣನ ಹಲಗೆ ಬಡಿತ ಜೋರಾಯಿತು, ನಿಂತಿತು. ಅವನು ಓಡಿ ಬಂದು ಬಲೆ ಹಿಡಿದ. ಈಗ ನಾನು ಬೀಳಬೇಕು.

ಕಾಲು ಬಿಡಲಿಲ್ಲ.

ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೆಳಗಿನಿಂದ ಶಶಿ ಸರ್ ಹಲ್ಲು ಕಚ್ಚಿ, “ದಾನೇಶ್ವರಿ... ಬೀಳು,” ಅಂದರು. ಬಲೆ ಹಿಡಿದಿದ್ದ ಅಪರಿಚಿತ ಕೂಲಿಯವನು ನನ್ನ ಮುಖವನ್ನೇ ನೋಡುತ್ತಿದ್ದ. “ಅಕ್ಕಾ, ಹೆದ್ರಿಕಿ ಆದ್ರ ಇಳೀಬೇ,” ಅಂದ.

ಇಳಿದೆ. ಮೆಟ್ಟಿಲಿಗೊಂದು ಕಾಲಿಟ್ಟು, ಕಂಬ ಅಪ್ಪಿಕೊಂಡು. ಯಾರೂ ಶಿಳ್ಳೆ ಹೊಡೆಯಲಿಲ್ಲ. ಮರೆವ್ವ ಹಾಡು ಎತ್ತಿ ನಾಟಕ ಮುಗಿಸಿದಳು.

ಟೆಂಪೊ ಹಿಂದೆ ಶಶಿ ಸರ್ ನನ್ನ ಮೇಲೆ ಹರಿಹಾಯ್ದರು. “ಏನಾಯ್ತಮ್ಮ ನಿಂಗೆ? ಇವತ್ತೇ ಆಗ್ಬೇಕಿತ್ತಾ? ನಾಲ್ಕ್ ಜನದ ಅನ್ನ ಕಣಮ್ಮ ಇದು!”

“ನಾಲ್ಕಲ್ರಿ ಸರ್. ಐದು.” ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಹೇಳಿದೆ.

ಮೇಡಂ ಹಿಂದೆಯೇ ನಿಂತಿದ್ದು ಆಗ ಕಂಡಿತು.

ಶಶಿ ಸರ್ ಟೆಂಪೊಗೆ ಒರಗಿ ಕೂತುಬಿಟ್ಟರು. “ಇಷ್ಟ್ ದಿನ ನಿನ್ನ ನಾನೇ ತಳ್ತಿದ್ನಲ್ಲಮ್ಮ,” ಅಂದರು. ಮೇಡಂ ನೋಟ್‌ಬುಕ್ ಮುಚ್ಚಿದರು. “ರೂಲ್ ನಾನ್ ಮಾಡಿದ್ದಲ್ಲ. ಆದ್ರೆ ನೋಡಿದ್ದನ್ನ ಬರೀದೇ ಇರೋಕಾಗಲ್ಲ. ಕಮಿಟಿಗೆ ಹೋಗತ್ತೆ.” ಹೊರಡುವಾಗ ನನಗೆ ನೀರಿನ ಬಾಟಲಿ ಕೊಟ್ಟು ಹೋದರು.

ಅಕ್ಟೋಬರ್ 15

ಹಣಮಂತನಿಗೆ ಹೇಳಿದೆ. ಬೈಯಲಿಲ್ಲ, ಕುಣಿಯಲಿಲ್ಲ. ಎಷ್ಟು ಸಲ ಬಿದ್ದೆ ಅಂತ ಕೇಳಿದ. ಎಂಟು ಅಂದೆ. ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಹೋಗಿ ಪಕ್ಕದಲ್ಲಿ ಕೂತೆ.

“ನನಗೂ ಅಂಜಿಕಿ ಐತಿ, ದಾನಿ,” ಅಂದ. ಹೋದ ವರ್ಷದಿಂದ ಇಲ್ಲಿವರೆಗೆ ಅವನು ಹಾಗೆ ಅಂದದ್ದು ಇದೇ ಮೊದಲ ಸಲ.

ಅಕ್ಟೋಬರ್ 24, ಶುಕ್ರವಾರ

ದೀಪಾವಳಿ ಹೋಯಿತು. ಹತ್ತು ದಿನ ನಾಲ್ವರೂ ಫೋನ್ ಸದ್ದಿಗೆಲ್ಲ ಬೆಚ್ಚಿದ್ದೇವೆ.

ಇವತ್ತು ಕಮಿಟಿಯ ಮೇಲ್ ಬಂತು. ಶಶಿ ಸರ್ ಓದಿದರು. ನಾಲ್ವರೂ ತಂಡದಲ್ಲೇ ಇದ್ದರೆ ಪಾತ್ರ ಬದಲಾಯಿಸಿಕೊಳ್ಳಬಹುದು, ಕಂತು ನಿಲ್ಲುವುದಿಲ್ಲ. ಮರೆವ್ವ ಕೈ ಮುಗಿದಳು.

ಇನ್ನೂ ಒಂದು ಸಾಲಿತ್ತು. ಪ್ರದರ್ಶನ ಒಪ್ಪಿದ ರೂಪದಲ್ಲೇ ಇರಬೇಕು.

“ಅಂದ್ರ?” ಅಂದಳು ಮರೆವ್ವ.

“ಅಂದ್ರೆ ಯಾರಾದ್ರೂ ಬೀಳ್ಬೇಕು.”

ಶಶಿ ಸರ್‌ಗೆ ಬೆನ್ನಿನ ಆಪರೇಷನ್ ಆಗಿದೆ. ಮರೆವ್ವನಿಗೆ ಐವತ್ತೆರಡು. ಸಂಗಣ್ಣ ಹಲಗೆಯ ಚರ್ಮ ಒರೆಸುತ್ತ ಕೂತಿದ್ದ. “ನಾ ಬೀಳ್ತೀನಿ ತಗೋರಿ. ಅದೇನ್ ದೊಡ್ಡದು,” ಅಂದ. ಅವನಿಗೆ ನಲವತ್ತೊಂಬತ್ತು. ಒಂದು ಮೊಣಕಾಲು ಮಡಚುವುದಿಲ್ಲ.

ಬೇಡ ಅಣ್ಣ ಅನ್ನಬೇಕಿತ್ತು. ನಾನು ಅನ್ನಲಿಲ್ಲ. ಯಾರೂ ಅನ್ನಲಿಲ್ಲ.

ಅಕ್ಟೋಬರ್ 29

ಸಂಗಣ್ಣನ ಮೇಸ್ತ್ರಿ ಪಾತ್ರ ನನಗೆ, ನನ್ನದು ಅವನಿಗೆ. ಬಲೆಯ ಅವನ ಮೂಲೆಗೂ ಇನ್ನು ಹೊರಗಿನವರೇ. ಮೂರು ದಿನದಿಂದ ಅಭ್ಯಾಸ, ಕೆಳಗೆ ಹಾಸಿಗೆ ಹಾಕಿ. ಒರಗಿ ಬೀಳು ಅಂದರೆ ಜಿಗಿಯುತ್ತಾನೆ. ನಿನ್ನೆ ಭುಜ ಅಡಿಯಾಗಿ ಬಿದ್ದ. ನಗುತ್ತ ಎದ್ದ, ಎಡಗೈ ಮೇಲೆತ್ತಲಿಲ್ಲ.

ನವೆಂಬರ್ 3, ಸೋಮವಾರ

ಬೆಳಿಗ್ಗೆ ಸ್ಕ್ಯಾನ್. ಮಗು ಚೆನ್ನಾಗಿದೆ, ಮೂರು ತಿಂಗಳು ದಾಟಿತು ಅಂದರು ಡಾಕ್ಟರು. ಹಣಮಂತ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ.

ಮಧ್ಯಾಹ್ನ ಸಂಗಣ್ಣನ ಮೊದಲ ಶೋ. ಬಿದ್ದ. ಬಲೆಯೊಳಗಿಂದ ಏಳಲು ಬಹಳ ಹೊತ್ತು ಹಿಡಿಯಿತು. ನಟನೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಹತ್ತಿರ ಹೋದೆ. “ಉಸಿರ್ ಕಟ್ಟಿತ್ತು ತಂಗಿ, ಬಂತು,” ಅಂದ.

ನನ್ನ ಭಯ ಹೋಗಬೇಕಿತ್ತಲ್ಲ. ಹೋಗಿಲ್ಲ.

ನವೆಂಬರ್ 4, ಮಂಗಳವಾರ. 10.40

ಜಾಲಹಳ್ಳಿ ಹತ್ತಿರದ ಸೈಟು. ನೀರಿನ ಟ್ಯಾಂಕರಿನ ನೆರಳಲ್ಲಿ ಬರೆಯುತ್ತಿದ್ದೇನೆ. ಕಾರ್ಮಿಕರು ಬಂದು ಕೂರುತ್ತಿದ್ದಾರೆ.

ಈಗ ತಾನೆ ಸಂಗಣ್ಣ ಬಂದು ಒಂದು ಚೀಟಿ ಕೊಟ್ಟ. ಇಂಡಿ ಊರಿನಲ್ಲಿರುವ ಅವನ ಮಗಳ ಫೋನ್ ನಂಬರು. “ನಿನ್ನ ಕಡೆ ಇರ್ಲಿ. ಸುಮ್ನ,” ಅಂದ. ಅಣ್ಣ, ಇವತ್ತು ಬೇಡ, ಶಶಿ ಸರ್‌ಗೆ ನಾನು ಹೇಳುತ್ತೇನೆ ಅಂದೆ. “ಹೇಳಿ ಏನ್ ಮಾಡ್ತಿ? ನೀ ಇಳದಿ, ಚಲೋ ಮಾಡಿದಿ. ಎಲ್ಲಾರೂ ಇಳದ್ರ ಹೆಂಗವಾ?” ಕೋಪವಿರಲಿಲ್ಲ ಆ ಮಾತಿನಲ್ಲಿ.

ಮೊದಲ ಮಾತು ನನ್ನದು. ಬೆಲ್ಟ್ ಗಿಲ್ಟ್ ಬ್ಯಾಡ, ಟೈಮ್ ಆತು, ಹತ್ತೋ ಮ್ಯಾಲ ಅಂತ ಮೇಸ್ತ್ರಿ ಗದರಿದ ಮೇಲೆಯೇ ಅವನು ಏಣಿಗೆ ಕಾಲಿಡುವುದು. ನಾನು ಕೂಗದಿದ್ದರೆ ನಾಟಕವೇ ಇಲ್ಲ.

ಶಶಿ ಸರ್ ಕೈ ಬೀಸುತ್ತಿದ್ದಾರೆ. ಸಂಗಣ್ಣ ಏಣಿಯ ಬುಡದಲ್ಲಿ ನಿಂತು ನನ್ನ ಕಡೆಗೇ ನೋಡುತ್ತಿದ್ದಾನೆ. ನಾನು ಇನ್ನೂ ಕೂಗಿಲ್ಲ.