ಹಿಂದಿನ ಬೆಂಚಿನ ಡ್ಯಾಡಿ

ಅಲ್ ಅಮೇರಾತ್, ಮಸ್ಕತ್
16 ಅಕ್ಟೋಬರ್ 2025, ಗುರುವಾರ

ಪ್ರೀತಿಯ ಕ್ರಿಸ್ಟಲ್ ಬಾಯೆ,

ಹೇಗಿದ್ದೀ? ಗಂಟಲು ಕೆರೆತ ಕಮ್ಮಿಯಾಯಿತಾ? ಮೊನ್ನೆ ಫೋನಿನಲ್ಲಿ ನಿನ್ನ ಸ್ವರ ಒಡಕು ಮಡಕೆಯ ಹಾಗಿತ್ತು. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಬಸ್ಸಿಗೆ ಓಡುತ್ತೀ, ಆಮೇಲೆ ವಲೆನ್ಸಿಯಾದ ಗಾಳಿಯನ್ನು ಬೈಯುತ್ತೀ. ಕಾಳುಮೆಣಸಿನ ಕಷಾಯ ಮಾಡಿ ಕುಡಿ. ಆಲ್ವಾರೊನಿಗೂ ಒಂದು ಲೋಟ ಕೊಡು, ನಮ್ಮ ಮನೆಯ ಅಳಿಯನಾಗುವವನು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಲಿ. ಇಲ್ಲಿ ನಾವು ಸೌಖ್ಯ. ನನ್ನ ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ ನೆನಪಾಗುತ್ತದೆ. ಡ್ಯಾಡಿಯ ಶುಗರ್ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ. ಬರ್ಕಾದ ಗೋಡೌನಿನಿಂದ ಬರುವ ದಾರಿಯಲ್ಲಿ ಹಲ್ವಾ ತಿಂದು, ಮೀಸೆ ಒರೆಸಿಕೊಳ್ಳಲು ಮರೆತು ಮನೆಗೆ ಬರುತ್ತಾರೆ. ಹಾಂ, ಪ್ಯಾಸೇಜಿನ ಲೈಟನ್ನು ಅವರು ಇನ್ನೂ ಆರಿಸುವುದಿಲ್ಲ. ಚಿಕ್ಕವಳಿದ್ದಾಗ ಆ ಲೈಟ್ ಇಲ್ಲದೆ ನೀನು ಮಲಗುತ್ತಿರಲಿಲ್ಲವಲ್ಲ, ಅದೇ ಪದ್ಧತಿ. ಮಗಳು ಹೋಗಿ ಮೂರು ವರ್ಷವಾಯಿತು, ಯಾರಿಗಾಗಿ ಉರಿಯುತ್ತದೆ ಎಂದು ಕೇಳಿದರೆ, ನನಗೆ ಬಾತ್‌ರೂಮಿಗೆ ಹೋಗಲಿಕ್ಕೆ ಎನ್ನುತ್ತಾರೆ.

ವಾಯ್ಸ್ ಮೆಸೇಜ್ ಬಿಟ್ಟು ಮಮ್ಮಿ ಯಾಕೆ ಕಾಗದ ಬರೆಯಲು ಕೂತಳು ಎಂದು ನಗಬೇಡ. ನಮ್ಮ ಎರಡು ರೂಮಿನ ಫ್ಲ್ಯಾಟಿನಲ್ಲಿ ಪಿಸುಗುಟ್ಟಿದರೂ ನಿನ್ನ ಡ್ಯಾಡಿಗೆ ಕೇಳುತ್ತದೆ. ಇದು ಅವರ ಕಿವಿಗೆ ಬೀಳಬಾರದ ವಿಷಯ. ಕ್ಲಿನಿಕ್ಕಿನ ಕೌಂಟರಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ಮುಗಿಸಿ ಫೋಟೋ ತೆಗೆದು ಕಳುಹಿಸುತ್ತೇನೆ. ಮನೆಯಲ್ಲಿ ಎಷ್ಟು ಕೊಂಕಣಿ ಆಡಿದರೂ ಪೆನ್ನು ಹಿಡಿದರೆ ನನಗೆ ಬರುವುದು ಕನ್ನಡವೇ. ಕಿನ್ನಿಗೋಳಿಯ ಶಾಲೆಯಲ್ಲಿ ಕನ್ನಡ ಕಲಿಸಿದ ಕೈ ಇದು. ನಿನಗೂ ಕಿವಿ ಹಿಂಡಿ ಕಲಿಸಿದ್ದೇನೆ, ಓದಲು ಬರುವುದಿಲ್ಲ ಎಂಬ ನೆಪ ನಡೆಯುವುದಿಲ್ಲ.

ಈಗ ಸುದ್ದಿ ಹೇಳುತ್ತೇನೆ, ಕೂತು ಓದು. ನಾನು ಸ್ಪ್ಯಾನಿಷ್ ಕಲಿಯಲು ಸೇರಿದ್ದೇನೆ! ರೂವಿಯಲ್ಲಿ, ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಂಜೆ ಕ್ಲಾಸು. ಪೆರು ದೇಶದ ಒಬ್ಬ ಹೆಂಗಸು ಟೀಚರ್, ಗಂಡ ಇಲ್ಲಿ ಎಂಜಿನಿಯರ್. ಭಾನುವಾರ ಮೊದಲ ದಿನ. ಚೀಲದಲ್ಲಿ ಹೊಸ ನೋಟ್‌ಬುಕ್ಕು, ನೀರಿನ ಬಾಟಲಿ, ಕನ್ನಡಕ ಇಟ್ಟುಕೊಂಡು ಗೋಡೆ ಹಿಡಿದು ಮೆಟ್ಟಿಲು ಹತ್ತಿದೆ. ಮೂವತ್ತು ವರ್ಷದ ಹಿಂದೆ ನಾನು ಮಕ್ಕಳನ್ನು ಹೆದರಿಸುತ್ತಿದ್ದೆ, ಈಗ ಹೆದರುವ ಸರದಿ ನನ್ನದು. ಒಳಗೆ ಎಲ್ಲರೂ ನನ್ನ ಮಕ್ಕಳ ಪ್ರಾಯದವರು. ಅವರಲ್ಲಿ ಸ್ವಲ್ಪ ದೊಡ್ಡವನೆಂದರೆ ಯೂಸುಫ್. ಇಬ್ರಾ ಊರಿನವನು, ಟೂರಿಸ್ಟರನ್ನು ಜೀಪಿನಲ್ಲಿ ಮರಳುಗಾಡಿಗೆ ಕರೆದುಕೊಂಡು ಹೋಗುವ ಕೆಲಸ, ಮೂರು ಹೆಣ್ಣುಮಕ್ಕಳ ತಂದೆ. ಹಿಂದಿ ಚೆನ್ನಾಗಿ ಬರುತ್ತದೆ. ನನ್ನ ಮುಖ ನೋಡಿದವನೇ, ಇಲ್ಲಿಯವರು ಅಮ್ಮನನ್ನು ಕರೆಯುವ ಹಾಗೆ, “ಮಾಮಾ, ಟೆನ್ಷನ್ ನಹೀ” ಎಂದು ಕುರ್ಚಿ ಎಳೆದುಕೊಟ್ಟ. ಟೀಚರ್ ನನ್ನ ಹೆಸರು ಕೇಳಿ, ಇಸಾಬೆಲ್ಲಾ ಎಂದದ್ದಕ್ಕೆ, ನಿಮಗೆ ಅರ್ಧ ಸ್ಪ್ಯಾನಿಷ್ ಹುಟ್ಟುವಾಗಲೇ ಬಂದಿದೆ ಎಂದು ಎಲ್ಲರೆದುರು ಕೈ ಕುಲುಕಿದರು. ಉಳಿದರ್ಧ ಸುಲಭದಲ್ಲಿ ಬರುವ ಲಕ್ಷಣ ಇಲ್ಲ. ಮೇಜಿಗೆ ಮೇಸಾ, ಅಂಗಿಗೆ ಕಮೀಸಾ. ಖಮೀಸ್ ನಮ್ಮದು ಎಂದು ಯೂಸುಫ್ ಜಗಳಕ್ಕೆ ನಿಂತ, ಹಾಗಾದರೆ ಮೇಜು ನಮ್ಮದು ಎಂದು ನಾನೂ ಬಿಡಲಿಲ್ಲ.

ನಿನ್ನ ಡ್ಯಾಡಿಯ ಕತೆ ಕೇಳು. ಸೇರುತ್ತೇನೆ ಎಂದಾಗ “ಅರುವತ್ತಕ್ಕೆ ಅರಳುಮರಳು ಅನ್ನುತ್ತಾರೆ, ನಿನಗೆ ಐವತ್ತೇಳಕ್ಕೇ ಶುರುವಾಯಿತಾ” ಎಂದರು. ಆದರೂ ವಾದಿ ಅದೈ ರಸ್ತೆಯ ಆ ಟ್ರಾಫಿಕ್ಕಿನಲ್ಲಿ ಅವರೇ ಕಾರು ಬಿಟ್ಟುಕೊಂಡು ಬಂದರು. ಮೊದಲ ದಿನ ಕ್ಲಾಸು ಮುಗಿಯುವ ತನಕ ಕೆಳಗೆ ಕಾರಿನಲ್ಲೇ ಕೂತಿದ್ದರು. ಎರಡನೇ ದಿನ, ಎಸಿಗೆ ಪೆಟ್ರೋಲ್ ದಂಡ ಎಂದು ಗೊಣಗಿದರು. ನಾನು ಟೀಚರ್ ಹತ್ತಿರ ಕೇಳಿ ಮೇಲೆ ಕರೆದುಕೊಂಡು ಹೋದೆ. ಹಿಂದಿನ ಬೆಂಚಿನಲ್ಲಿ ಕೂತು, ನನಗೂ ಈ ಕ್ಲಾಸಿಗೂ ಸಂಬಂಧವಿಲ್ಲ ಎಂಬಂತೆ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಸ್ಕ್ರೀನ್ ಕಪ್ಪಾದ ಮೇಲೂ ಅವರ ಬೆರಳು ಒಂದು ಸಲವೂ ಅದನ್ನು ಮುಟ್ಟಲಿಲ್ಲ. ನನಗೆ ಗೊತ್ತಾಗುವುದಿಲ್ಲವಾ? ಕದ್ದು ಪಾಠ ಕೇಳುವ ಮಕ್ಕಳನ್ನು ಎಷ್ಟು ನೋಡಿಲ್ಲ ನಾನು!

ಬಾಯೆ, ನೀನು ಫ್ರೆಡ್ಡಿ ಮಾಮನ ಬಾಯಿಂದ ಏನೋ ಕೇಳಿ ಮನಸ್ಸು ಕೆಡಿಸಿಕೊಂಡಿದ್ದೀ. ಜನವರಿಯ ನಿನ್ನ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರದ ಮಾತು ತಾನು ಆಡುವುದಿಲ್ಲ, ಫ್ರೆಡ್ಡಿಯೇ ಆಡಲಿ ಎಂದು ಡ್ಯಾಡಿ ಹೇಳಿದ್ದು ನಿಜ. ಆದರೆ ಆಲ್ವಾರೊ ಅವರಿಗೆ ಇಷ್ಟವಿಲ್ಲ ಎಂದು ನೀನು ಅರ್ಥ ಮಾಡಿಕೊಂಡೆಯಲ್ಲ, ಅದು ಸುಳ್ಳು. ಆ ಶಾಸ್ತ್ರವನ್ನೇ ತೆಗೆದುಬಿಡು ಮಮ್ಮಿ, ಡ್ಯಾಡಿಯನ್ನು ಒತ್ತಾಯದಿಂದ ಸ್ಟೇಜಿಗೆ ಹತ್ತಿಸುವುದು ಬೇಡ ಎಂದು ನೀನು ಅಂದ ದಿನ ನಾನು ಈರುಳ್ಳಿ ಹೆಚ್ಚದೆಯೂ ಅತ್ತಿದ್ದೇನೆ. ಊರವರ ಎಷ್ಟು ಹೆಣ್ಣುಮಕ್ಕಳ ಕೈ ಹಿಡಿದು ನಿನ್ನ ಡ್ಯಾಡಿ ಈ ಮಾತು ಆಡಿದ್ದಾರೆ! ನಾವು ರಜೆಯಲ್ಲಿ ಊರಿಗೆ ಬರುತ್ತೇವೆ ಎಂದು ಗೊತ್ತಾದರೆ ಸಾಕು, ಮದುವೆಮನೆಗಳಿಂದ ಫೋನು. ಅವರು ಮೈಕ್ ಹಿಡಿದು, ಪ್ರೀತಿಯಿಂದ ಸಾಕಿದ್ದೇವೆ, ತಪ್ಪಿದರೆ ತಿದ್ದಿ, ನಿಮ್ಮ ಮಗಳೆಂದು ತಿಳಿಯಿರಿ ಎನ್ನುವಾಗ ಬಡಿಸುವವರೂ ಸೌಟು ಕೆಳಗಿಟ್ಟು ನಿಲ್ಲುತ್ತಿದ್ದರು. ಅಂಥವರು ಸ್ವಂತ ಮಗಳಿಗೆ ಯಾಕೆ ಬಾಯಿ ಕಟ್ಟಿಕೊಂಡರು ಎಂದು ನಾನೂ ಜಗಳ ಮಾಡಿ ಕೇಳಿದೆ. ಆಗ ಹೇಳಿದರು, “ನಾನು ಮಾತು ಕೊಟ್ಟರೆ ಆ ಕಡೆಯಿಂದ ಮಾತು ಬರಬೇಕು, ಬೆಲ್ಲಾ. ಅವರಿಗೆ ನನ್ನ ಕೊಂಕಣಿ ಗೊತ್ತಿಲ್ಲ, ನನಗೆ ಅವರದ್ದು ಗೊತ್ತಿಲ್ಲ. ನನ್ನ ಮಗಳನ್ನು ಗೋಡೆಗೆ ಒಪ್ಪಿಸಲಾ?” ಅಷ್ಟೇ ವಿಷಯ. ಕೋಪವಲ್ಲ, ಹೆದರಿಕೆ. ಅದಕ್ಕೇ ನಾನು ಕ್ಲಾಸಿಗೆ ಸೇರಿದ್ದು. ಇವರು ಆಡದಿದ್ದರೆ ನಾನಾದರೂ ಆಡುತ್ತೇನೆ, ಹೆತ್ತವಳಿಗೆ ಆ ಹಕ್ಕಿಲ್ಲವಾ?

ನಿನ್ನೆ ಮೂರನೇ ದಿನ. ಮನೆಯವರ ಬಗ್ಗೆ ಹೇಳುವ ಪಾಠ. ಮಗಳಿಗೆ ಅವರು ಇಹಾ ಎನ್ನುತ್ತಾರೆ, ನನ್ನ ಮಗಳು ಎನ್ನಲು ಮಿ ಇಹಾ. ನಿನಗೆ ಇದೆಲ್ಲ ನೀರು ಕುಡಿದ ಹಾಗೆ, ನಾನು ಎಂಟು ಸಲ ಬರೆದೆ. ನನ್ನ ಸರದಿ ಬಂದಾಗ ನಿನ್ನ ಹೆಸರು, ಪ್ರಾಯ, ಊರು ಹೇಳಿ, ಮದುವೆಯ ವಿಷಯಕ್ಕೆ ಬಂದು ಪದ ಮುಗಿದು ಇಂಗ್ಲಿಷಿಗೆ ಇಳಿದೆ. ಒಪ್ಪಿಸುವ ಶಾಸ್ತ್ರದ ಬಗ್ಗೆ ಕೇಳಿ ಟೀಚರಿಗೆ ಎಲ್ಲಿಲ್ಲದ ಕುತೂಹಲ. ಇಲ್ಲೇ ಮಾಡಿ ತೋರಿಸಿ, ಯೂಸುಫ್ ಗಂಡಿನ ಅಪ್ಪನಾಗಲಿ ಎಂದರು. ಯೂಸುಫ್ ಗಂಭೀರವಾಗಿ ಕುಮ್ಮಾ ಟೊಪ್ಪಿ ಸರಿಮಾಡಿಕೊಂಡು ಎದುರು ನಿಂತ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಜೋರಾಗಿ ಒಂದು ಸ್ವರ, “ಹಾಗಲ್ಲ ಬೆಲ್ಲಾ, ಮೊದಲು ಕೈ ಹಿಡಿಯಬೇಕು!”

ನಿನ್ನ ಡ್ಯಾಡಿ ಎದ್ದು ನಿಂತಿದ್ದರು. ಶಾಸ್ತ್ರ ತಪ್ಪಿದರೆ ಅವರಿಗೆ ತಡೆಯುವುದಿಲ್ಲ, ಗೊತ್ತುಂಟಲ್ಲ. ಬೆಂಚುಗಳ ನಡುವೆ ನುಸುಳಿಕೊಂಡು ಮುಂದೆ ಬಂದರು. ನಾನು ಹೆಣ್ಣಿನ ಜಾಗದಲ್ಲಿ ನಿಂತೆ, ಅವರು ನನ್ನ ಕೈ ಹಿಡಿದು ಯೂಸುಫ್ ಕಡೆ ಚಾಚಿದರು. ಪರ ಹೆಂಗಸಿನ ಕೈ ಮುಟ್ಟಬಾರದೆಂದು ಅವನು ತನ್ನ ಕೈಯನ್ನು ಎದೆಯ ಮೇಲಿಟ್ಟುಕೊಂಡು ತಲೆ ಬಾಗಿಸಿದ. ಡ್ಯಾಡಿ “ಮಿ ಇಹಾ” ಎಂದರು. ಕದ್ದು ಕಲಿತದ್ದು ಅಷ್ಟೇ. ಮುಂದೆ ಸ್ಪ್ಯಾನಿಷ್ ಇರಲಿಲ್ಲ, ಕೊಂಕಣಿಯೂ ಬರಲಿಲ್ಲ. ಮತ್ತೊಮ್ಮೆ “ಮಿ ಇಹಾ” ಎಂದರು, ಕಣ್ಣು ತುಂಬಿ ನನ್ನ ಕೈಯನ್ನು ಹಿಸುಕಿಬಿಟ್ಟರು. ಇವತ್ತಿಗೂ ಬೆರಳು ನೋಯುತ್ತಿದೆ. ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಯೂಸುಫ್ ಮಾತ್ರ ನಾಟಕವೆಂಬುದನ್ನು ಮರೆತವನಂತೆ ಬೆರಳನ್ನು ತಲೆಗೆ ಮುಟ್ಟಿಸಿ “ಅಲಾ ರಾಸಿ” ಎಂದ. ನನ್ನ ತಲೆಯ ಮೇಲೆ ಎಂದು ಅರ್ಥ, ತಲೆಯ ಮೇಲಿಟ್ಟುಕೊಂಡು ನೋಡಿಕೊಳ್ಳುತ್ತೇನೆ ಎನ್ನುವ ಹಾಗೆ. ಇಲ್ಲಿಯವರು ಮನಸ್ಸಿನಿಂದ ಒಪ್ಪಿಕೊಂಡಾಗ ಆಡುವ ಮಾತು.

ವಾಪಸು ಬರುವಾಗ ಡ್ಯಾಡಿ ಅಮೇರಾತಿನ ಇಳಿಜಾರಿನಲ್ಲಿ, “ನೋಡಿದೆಯಾ, ಅವನಿಗೆ ನನ್ನ ಮಾತು ಗೊತ್ತಿರಲಿಲ್ಲ, ಆದರೂ ಉತ್ತರ ಕೊಟ್ಟ” ಎಂದರು. ಹಾಗಾಗಿ ನಿನ್ನ ಹತ್ತಿರ ಒಂದೇ ಬೇಡಿಕೆ. ಶಾಸ್ತ್ರ ತೆಗೆಯಬೇಡ. ಆಲ್ವಾರೊನ ಅಪ್ಪನಿಗೆ ಈಗಲೇ ಹೇಳಿಡು, ಸ್ಟೇಜಿನಲ್ಲಿ ನಿನ್ನ ಡ್ಯಾಡಿ ಮಾತು ಮುಗಿಸಿದ ಮೇಲೆ ಸುಮ್ಮನೆ ನಗುತ್ತಾ ನಿಲ್ಲಬಾರದು. ಯಾವ ಭಾಷೆಯಾದರೂ ಆಗಲಿ, ಡ್ಯಾಡಿಯ ಮುಖ ನೋಡಿ ಒಂದು ಉತ್ತರ ಕೊಡಬೇಕು. ಅದನ್ನು ಆಲ್ವಾರೊ ತಮಾಷೆ ಎಂದುಕೊಂಡರೆ ಅವನ ಕಿವಿಯನ್ನೂ ನಾನು ಹಿಂಡುತ್ತೇನೆ. ಶುಕ್ರವಾರ ರೂವಿ ಇಗರ್ಜಿಯಲ್ಲಿ ನಿಮ್ಮಿಬ್ಬರ ಹೆಸರಿನಲ್ಲಿ ಮೇಣದಬತ್ತಿ ಹಚ್ಚುತ್ತೇನೆ.

ಕಷಾಯ ಮರೆಯಬೇಡ. ಆಲ್ವಾರೊನ ತಂದೆತಾಯಿಗೆ ನಮ್ಮ ನಮಸ್ಕಾರ ತಿಳಿಸು. ಎಲ್ಲಿದ್ದರೂ ದೇವರ ಬೆಸಾಂವ್ ನಿನ್ನ ನೆತ್ತಿಯ ಮೇಲಿರಲಿ, ಅದರ ಪಕ್ಕದಲ್ಲಿ ನನ್ನ ಕೈಯೂ ಇರಲಿ.

ನಿನ್ನ
ಮಮ್ಮಿ
(ಸ್ಪ್ಯಾನಿಷ್ ಕ್ಲಾಸಿನ ಇಸಾಬೆಲ್ಲಾ)

ಮರೆತ ಮಾತು: ಮರೆತದ್ದಲ್ಲ, ಇದನ್ನು ಹೇಳಲೆಂದೇ ಬರೆಯಲು ಕೂತದ್ದು. ಡ್ಯಾಡಿ ಕ್ಲಿನಿಕ್ಕಿನ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ಕ್ಲಾಸು ಬಿಟ್ಟ ಮೇಲೆ ಅವರು ಟೀಚರನ್ನು ಬಾಗಿಲ ಹತ್ತಿರ ನಿಲ್ಲಿಸಿ ಒಂದೇ ಒಂದು ವಾಕ್ಯ ಕೇಳಿ ಬರೆಸಿಕೊಂಡಿದ್ದಾರೆ. ತಪ್ಪಿದರೆ ತಿದ್ದಿ, ಮಗಳೆಂದು ತಿಳಿಯಿರಿ, ಅದ್ಯಾವುದೂ ಅಲ್ಲ. ಬೆಳಿಗ್ಗೆ ಶೇವ್ ಮಾಡುತ್ತಾ ಕನ್ನಡಿಯೆದುರು ಅದನ್ನೇ ಬಾಯಿಪಾಠ ಮಾಡುತ್ತಿದ್ದರು. ಟೀಚರಿಗೆ ಮೆಸೇಜ್ ಮಾಡಿ ಅರ್ಥ ಕೇಳಿದೆ. “ನನ್ನ ಮಗಳಿಗೆ ಕತ್ತಲೆಯೆಂದರೆ ಹೆದರಿಕೆ, ದಯವಿಟ್ಟು ಒಂದು ಲೈಟ್ ಉರಿಯುತ್ತಿರಲಿ.” ನಿನಗೆ ಈಗ ಇಪ್ಪತ್ತೆಂಟು, ಆ ಹೆದರಿಕೆ ಯಾವಾಗಲೋ ಹೋಗಿರಬಹುದು. ಹೋಗಿದ್ದರೂ ಜನವರಿಯ ತನಕ ಹೋಗಿಲ್ಲ ಎಂದೇ ಇಟ್ಟುಕೋ ಬಾಯೆ. ಡ್ಯಾಡಿಗೆ ಬರುವುದು ಅದೊಂದೇ ವಾಕ್ಯ.